ಸ್ಲಂಡಾಗ್ ಮಿಲಿಯನೇರ್ ಮತ್ತೆ ನೋಡಿದೆ; ಬೈಯುವವರು ಒಮ್ಮೆ ಕುಳಿತು ನೋಡಬಾರದೇ?

ಒಂಟಿ ಟಿಕೆಟ್:
ಮೊದಲೇ ಹೇಳಿಬಿಡುತ್ತೇನೆ, ಇದು ವಿಮರ್ಶೆಯಲ್ಲ, ಮೆಚ್ಚಿಕೊಂಡವನ ಗಲಾಟೆ. 2008ರ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರವನ್ನು ಮೊನ್ನೆ ಮತ್ತೆ ನೋಡಿದೆ. ಅದಕ್ಕೆ ಎಂಟು ಆಸ್ಕರ್ ಬಂದಾಗ ನಮ್ಮಲ್ಲಿ ಅರ್ಧ ಜನ ರೆಹಮಾನ್ ಹೆಸರಿನಲ್ಲಿ ಪಟಾಕಿ ಹೊಡೆದರು, ಉಳಿದರ್ಧ ಜನ ‘ನಮ್ಮ ಬಡತನವನ್ನು ಬಿಳಿಯರು ಮಾರಿಕೊಂಡರು’ ಎಂದು ಗೊಣಗಿದರು. ಚಿತ್ರವನ್ನು ಚಿತ್ರವಾಗಿ ನೋಡಿದವರು ಎಷ್ಟು ಜನ?

ಕಥೆ ಮರೆತವರಿಗಾಗಿ: ಜಮಾಲ್ ಮಲಿಕ್, ಮುಂಬೈಯ ಕೊಳೆಗೇರಿಯಲ್ಲಿ ಬೆಳೆದ 18ರ ಹುಡುಗ, ಕಾಲ್ ಸೆಂಟರಿನಲ್ಲಿ ಚಹಾ ಹಂಚುತ್ತಾನೆ. ಟಿವಿಯ ಕ್ವಿಜ್‌ನಲ್ಲಿ 2 ಕೋಟಿ ರೂಪಾಯಿಗೆ ಇನ್ನೊಂದೇ ಪ್ರಶ್ನೆ ಬಾಕಿ ಇರುವಾಗ ಪೊಲೀಸರು ಎಳೆದೊಯ್ದು, ಮೋಸ ಮಾಡಿದ್ದೀಯ ಎಂದು ಕರೆಂಟ್ ಹೊಡೆಸುತ್ತಾರೆ. ಒಂದೊಂದು ಉತ್ತರ ಹೇಗೆ ಗೊತ್ತಾಯಿತು ಎಂದು ಅವನು ಹೇಳುತ್ತಾ ಹೋಗುವುದೇ ಚಿತ್ರ. ರಾಮನ ಬಲಗೈಯಲ್ಲಿ ಏನಿರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅವನಿಗೆ ಪುಸ್ತಕದಿಂದ ಬಂದದ್ದಲ್ಲ. ಗಲಭೆಯಲ್ಲಿ ತಾಯಿ ಸತ್ತ ದಿನ, ಓಡುವ ದಾರಿಯಲ್ಲಿ, ನೀಲಿ ಬಣ್ಣ ಬಳಿದುಕೊಂಡು ಬಿಲ್ಲು ಬಾಣ ಹಿಡಿದು ನಿಂತ ಮಗುವನ್ನು ಅವನು ಕಂಡಿದ್ದ.

ನನಗೆ ಬಹಳ ಇಷ್ಟವಾದದ್ದು ಠಾಣೆಯ ಒಂದು ಪುಟ್ಟ ಮಾತುಕತೆ. ಅಶೋಕ ಸ್ತಂಭದ ಕೆಳಗೆ ಬರೆದಿರುವುದೇನು ಎಂಬುದೂ ಗೊತ್ತಿಲ್ಲದೆ ಜಮಾಲ್ ಪ್ರೇಕ್ಷಕರ ಸಹಾಯ ಕೇಳಿರುತ್ತಾನೆ. ಐದು ವರ್ಷದ ನನ್ನ ಮಗಳಿಗೂ ಇದು ಗೊತ್ತು ಎಂದು ಪೊಲೀಸಿನವನು ಹಂಗಿಸುತ್ತಾನೆ. ಆಗ ಹುಡುಗ ತಿರುಗಿ ಕೇಳುತ್ತಾನೆ: ಚೌಪಾಟಿಯಲ್ಲಿ ಪಾನಿಪುರಿಗೆ ಎಷ್ಟು? ಹತ್ತು ರೂಪಾಯಿ. ತಪ್ಪು, ದೀಪಾವಳಿಯಿಂದ ಹದಿನೈದು. ನಿಮ್ಮ ಪೇದೆಯ ಸೈಕಲ್ ಕದ್ದವನು ಯಾರು? ಅದು ಅಲ್ಲಿನ ಐದು ವರ್ಷದ ಮಕ್ಕಳಿಗೆಲ್ಲ ಗೊತ್ತು! ಯಾರ ತಿಳಿವಳಿಕೆಯನ್ನು ‘ಜ್ಞಾನ’ ಎಂದು ಲೆಕ್ಕಕ್ಕೆ ಹಿಡಿಯುತ್ತೇವೆ ಎಂಬ ಪ್ರಶ್ನೆಯನ್ನು ಭಾಷಣವಿಲ್ಲದೆ ಇಷ್ಟು ಚೆನ್ನಾಗಿ ಕೇಳಿದ ಚಿತ್ರ ಇನ್ನೊಂದಿದ್ದರೆ ಹೇಳಿ.

ಖಾರಾಪುರಿ:
ರೆಹಮಾನ್ ಸಂಗೀತ ತೆಗೆದರೆ ಏನೂ ಉಳಿಯುವುದಿಲ್ಲ. ಆ ಸಂಗೀತವೂ ಅವರ ಅತ್ಯುತ್ತಮದ್ದಲ್ಲ.

ಅರ್ಧವಿರಾಮ:
ಒಂಟಿ ಟಿಕೆಟ್ ಅವರೇ, ನಿಮ್ಮ ಉತ್ಸಾಹಕ್ಕೆ ನಮಸ್ಕಾರ. ಆದರೆ ಚಿತ್ರ ಶುರುವಾಗುವಾಗಲೇ ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ, ನೆನಪಿದೆಯೇ? ಜಮಾಲ್ ಇಲ್ಲಿಯವರೆಗೆ ಹೇಗೆ ಬಂದ: ಮೋಸ ಮಾಡಿ, ಅದೃಷ್ಟದಿಂದ, ಜಾಣತನದಿಂದ, ಅಥವಾ ಹಾಗೆಂದು ಬರೆದಿತ್ತು. ಕೊನೆಯಲ್ಲಿ ಚಿತ್ರವೇ ನಾಲ್ಕನೆಯದನ್ನು ಸರಿ ಉತ್ತರ ಎಂದು ಗುರುತು ಹಾಕುತ್ತದೆ. ಹಣೆಬರಹ! ಎರಡು ಗಂಟೆ ಕೊಳಚೆ, ಗಲಭೆ, ಮಕ್ಕಳನ್ನು ಭಿಕ್ಷೆಗೆ ದೂಡುವವರನ್ನೆಲ್ಲ ತೋರಿಸಿ, ಕೊನೆಗೆ ‘ಎಲ್ಲವೂ ಬರೆದಿತ್ತು’ ಎಂದರೆ ಯಾರಿಗೆ ಸಮಾಧಾನ? ಟಿಕೆಟ್ ತೆಗೆದುಕೊಂಡವನಿಗೆ. ಅವನು ಯಾರ ಮೇಲೂ ಸಿಟ್ಟಾಗದೆ ಮನೆಗೆ ಹೋಗಬಹುದು.

ನನ್ನ ಆಕ್ಷೇಪ ಕೊಳಕು ತೋರಿಸಿದರು ಎಂಬುದಲ್ಲ. ತೋರಿಸಿ, ಆಮೇಲೆ ತೊಳೆದುಬಿಟ್ಟರು ಎಂಬುದು.

ಒಂಟಿ ಟಿಕೆಟ್:
ಆ ನಾಲ್ಕು ಆಯ್ಕೆಗಳೇ ಒಂದು ಆಟ ಸ್ವಾಮಿ. ಚಿತ್ರ ಉದ್ದಕ್ಕೂ ತೋರಿಸುವುದು ಐದನೆಯದನ್ನು: ಅವನು ಕಂಡಿದ್ದ, ಅನುಭವಿಸಿದ್ದ. ಅಕ್ಷರದಲ್ಲಿ ಒಂದು ಉತ್ತರ, ದೃಶ್ಯದಲ್ಲಿ ಬೇರೊಂದು ಉತ್ತರ. ನಾನು ದೃಶ್ಯವನ್ನು ನಂಬುತ್ತೇನೆ.

ಗಣಿತ ಮೇಷ್ಟ್ರು:
ಅನುಭವದಿಂದ ಉತ್ತರ ಬಂತು ಎನ್ನುವುದಾದರೆ ಲೆಕ್ಕ ಹಾಕೋಣ. ಕೊನೆಯ ಪ್ರಶ್ನೆ: ಫ್ರೆಂಚ್ ಕಾದಂಬರಿಯ ಮೂವರು ಮಸ್ಕಿಟಿಯರ್‌ಗಳಲ್ಲಿ ಮೂರನೆಯವನ ಹೆಸರೇನು? ಜಮಾಲ್‌ಗೆ ಗೊತ್ತಿಲ್ಲ. ಗೆಳೆಯನಿಗೆ ಫೋನ್ ಮಾಡುವ ಅವಕಾಶ ಬಳಸುತ್ತಾನೆ, ಅಣ್ಣ ಸಲೀಮನ ಮೊಬೈಲನ್ನು ಜಮಾಲ್‌ನ ಪ್ರೇಯಸಿ ಲತಿಕಾ ಎತ್ತಿಕೊಳ್ಳುತ್ತಾಳೆ, ಅವಳಿಗೂ ಗೊತ್ತಿಲ್ಲ. ಸುಮ್ಮನೆ ಮೊದಲ ಆಯ್ಕೆಯನ್ನು ಹೇಳುತ್ತಾನೆ. ಸರಿಯಾಗುತ್ತದೆ. ನಾಲ್ಕರಲ್ಲಿ ಒಂದು ಸಂಭವನೀಯತೆ, ಅಷ್ಟೇ. ಇಡೀ ಸಿದ್ಧಾಂತ ಅತ್ಯಂತ ಮುಖ್ಯವಾದ ಜಾಗದಲ್ಲೇ ಕುಸಿಯಿತಲ್ಲ!

ಕ್ರಿಕೆಟ್ ಪ್ರಶ್ನೆಯೂ ಹಾಗೆಯೇ. ಪ್ರಥಮ ದರ್ಜೆಯಲ್ಲಿ ಅತಿ ಹೆಚ್ಚು ಶತಕ ಹೊಡೆದವನು ಯಾರು? ಜಾಕ್ ಹಾಬ್ಸ್, 197. ಕೆಲವರ ಲೆಕ್ಕದಲ್ಲಿ 199. ಜುಹುವಿನ ಗಲ್ಲಿಯ ಹುಡುಗನಿಗೆ ನೂರು ವರ್ಷ ಹಿಂದಿನ ಇಂಗ್ಲೆಂಡಿನ ಆಟಗಾರ ಎಲ್ಲಿ ಸಿಕ್ಕಿದ?

ಧಾರವಾಡ ಫೇಡಾ:
ಮೇಷ್ಟ್ರೇ, ಕ್ರಿಕೆಟ್ ಪ್ರಶ್ನೆಯ ದೃಶ್ಯವನ್ನು ನೀವು ಕಣ್ಣು ಮುಚ್ಚಿಕೊಂಡು ನೋಡಿದ್ದೀರಿ. ವಿರಾಮದಲ್ಲಿ ಶೌಚಾಲಯಕ್ಕೆ ಬಂದ ನಿರೂಪಕ ಪ್ರೇಮ್ ಕುಮಾರ್ (ಅನಿಲ್ ಕಪೂರ್) ಆವಿ ಹಿಡಿದ ಕನ್ನಡಿಯ ಮೇಲೆ ‘ಬಿ’ ಎಂದು ಬರೆದು ಹೋಗುತ್ತಾನೆ. ಮರಳಿ ಬಂದ ಜಮಾಲ್ ಎರಡು ತಪ್ಪು ಉತ್ತರ ತೆಗೆಸುತ್ತಾನೆ. ಉಳಿಯುವುದು ಬಿ ಪಾಂಟಿಂಗ್, ಡಿ ಹಾಬ್ಸ್. ಹುಡುಗ ಡಿ ಹೇಳುತ್ತಾನೆ. ಹಾಬ್ಸ್ ಯಾರೆಂದು ಅವನಿಗೆ ಗೊತ್ತಿಲ್ಲ, ನಿಜ. ಆದರೆ ನಗುತ್ತಾ ಬಳಿಗೆ ಬಂದು ಬೇಡದ ಸಹಾಯ ಮಾಡುವ ದೊಡ್ಡವರನ್ನು ಅವನು ಚಿಕ್ಕಂದಿನಿಂದ ಕಂಡಿದ್ದಾನೆ. ಕೋಕಾಕೋಲಾ ಕೊಟ್ಟು ಕರೆದುಕೊಂಡು ಹೋದವನೇ ಮಕ್ಕಳ ಕಣ್ಣು ತೆಗೆಯುತ್ತಿದ್ದ. ಇದಕ್ಕಿಂತ ಅನುಭವ ಬೇಕೇ?

ಗಣಿತ ಮೇಷ್ಟ್ರು:
ಒಪ್ಪಬಹುದಾದ ವಾದ. ಆದರೆ ಮಸ್ಕಿಟಿಯರ್‌ಗೆ ಉತ್ತರ ಕೊಡಲಿಲ್ಲ.

ಒಂಟಿ ಟಿಕೆಟ್:
ಕೊಡುತ್ತೇನೆ. ಶಾಲೆಯ ದೃಶ್ಯ ನೆನಪಿಸಿಕೊಳ್ಳಿ. ಕಿಕ್ಕಿರಿದ ತರಗತಿ, ತಡವಾಗಿ ಓಡಿ ಬಂದ ಅಣ್ಣತಮ್ಮ, ಸಿಟ್ಟಾದ ಮೇಷ್ಟ್ರು ಅದೇ ಪುಸ್ತಕದಿಂದ ತಲೆಗೆ ಮೊಟಕುತ್ತಾರೆ. ಹುಡುಗರಿಗೆ ಎರಡು ಹೆಸರು ಬಾಯಿಪಾಠ. ಮೂರನೆಯದನ್ನು ಕಲಿಯುವ ಮೊದಲೇ ಗಲಭೆ, ತಾಯಿ ಇಲ್ಲ, ಶಾಲೆಯೂ ಅಲ್ಲಿಗೆ ಮುಗಿಯಿತು. ಅಂದರೆ ಬೀದಿ ಕಲಿಸಿದ್ದೆಲ್ಲ ಅವನಿಗೆ ಗೊತ್ತು, ಶಾಲೆ ಕಲಿಸಬೇಕಾಗಿದ್ದ ಒಂದೇ ಒಂದು ಸಂಗತಿ ಗೊತ್ತಿಲ್ಲ. ಅದೃಷ್ಟ ಅಲ್ಲಿಗೆ ಮಾತ್ರ ಬರುತ್ತದೆ. ಶಾಲೆ ತಪ್ಪಿದವರಿಗೆ ಉಳಿಯುವುದು ಅದೊಂದೇ ಎಂದು ನಾನು ಓದಿಕೊಂಡೆ. ಅರ್ಧವಿರಾಮ ಅವರು ಇದನ್ನು ಹಣೆಬರಹ ಎಂದು ಕರೆಯಲಿ, ಬೇಡ ಎನ್ನುವುದಿಲ್ಲ.

ಅರ್ಧವಿರಾಮ:
ಚೆನ್ನಾಗಿದೆ. ಇದು ನಿರ್ದೇಶಕರಿಗೆ ಹೊಳೆದಿತ್ತೋ ನಿಮಗೆ ಹೊಳೆಯಿತೋ, ಅದೇ ಅನುಮಾನ.

ಮಾಟುಂಗಾ ಮಾಣಿ:
ಹುಟ್ಟಿ ಬೆಳೆದದ್ದು ಮುಂಬೈಯಲ್ಲಿ, ಆದ್ದರಿಂದ ನಾಲ್ಕು ಮಾತು.

ಈ ಚಿತ್ರದ ಹೆಸರೆತ್ತಿದರೆ ಎಲ್ಲರೂ ಧಾರಾವಿ ಎನ್ನುತ್ತಾರೆ. ಚಿತ್ರೀಕರಣ ಧಾರಾವಿಯಲ್ಲೂ ನಡೆದಿದೆ, ಜುಹು ಕಡೆಯ ಬಸ್ತಿಗಳಲ್ಲೂ ನಡೆದಿದೆ. ಕಥೆಯ ಹುಡುಗರು ಜುಹುವಿನವರು. ಹೊರಗಿನವರಿಗೆ ಎರಡೂ ಒಂದೇ. ನಮಗೆ ಅಲ್ಲ.

ಧಾರಾವಿಯ ಒಳಗೆ ಒಮ್ಮೆ ಕಾಲಿಡಿ. ಕುಂಭಾರವಾಡದಲ್ಲಿ ಸೌರಾಷ್ಟ್ರದಿಂದ ಬಂದ ಕುಂಬಾರರ ಮನೆಗಳು. ಮುಂದೆ ಭಟ್ಟಿ, ಹಿಂದೆ ಅಡುಗೆಮನೆ, ದೀಪಾವಳಿಗೆ ಮೊದಲು ಹಣತೆಗಳ ರಾಶಿ ದಾಟಿಕೊಂಡೇ ನಡೆಯಬೇಕು. ತೆರಾ ಕಾಂಪೌಂಡ್ ಎಂಬಲ್ಲಿ ನಗರದ ಪ್ಲಾಸ್ಟಿಕ್ಕನ್ನೆಲ್ಲ ಬಣ್ಣದ ಪ್ರಕಾರ ಬೇರ್ಪಡಿಸಿ, ಪುಡಿ ಮಾಡಿ, ತೊಳೆದು, ಮಾಳಿಗೆಯ ತಗಡಿನ ಮೇಲೆ ಒಣಹಾಕಿರುತ್ತಾರೆ. ಚರ್ಮದ ಚೀಲ, ಬೆಲ್ಟು, ಬಟ್ಟೆ ಹೊಲಿಗೆ, ಬಿದಿರುಬುಟ್ಟಿಯ ಮೇಲೆ ಒಣಗುವ ಹಪ್ಪಳ. ಅಲ್ಲಿ ಸುಮ್ಮನೆ ಕುಳಿತವರು ಕಾಣಿಸುವುದೇ ಕಡಿಮೆ. ಚಿತ್ರದಲ್ಲಿ ಕೊಳೆಗೇರಿಯೆಂದರೆ ಬಟ್ಟೆ ಒಗೆಯುವುದು, ಓಡುವುದು, ಬೇಡುವುದು, ಕದಿಯುವುದು. ದುಡಿಯುವವರು ಎಲ್ಲಿ ಹೋದರು? ನನ್ನ ಬೇಸರ ಇಷ್ಟೇ.

ಇನ್ನು ಬಡವರು ಮೇಲೆ ಬಂದ ಕಥೆ ಬೇಕೆಂದರೆ ನಮ್ಮ ಮನೆಯಲ್ಲೇ ಇದೆ. ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಉಡುಪಿ ಹೋಟೆಲಿನಲ್ಲಿ ಮೇಜು ಒರೆಸಿದವರು. ಹಗಲೆಲ್ಲ ಕೆಲಸ, ಸಂಜೆ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆ, ಮಲಗುವುದು ಹೋಟೆಲಿನ ಬೆಂಚಿನ ಮೇಲೆ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿದರು. ಅಂಥವರು ಸಾವಿರಾರು ಜನ ಇದ್ದಾರೆ. ಅವರ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ, ಏಕೆಂದರೆ ಅದರಲ್ಲಿ ಕ್ವಿಜ್ ಇಲ್ಲ, ಗೂಂಡಾ ಇಲ್ಲ, ಬರೇ ಹದಿನೈದು ವರ್ಷದ ನಿದ್ದೆಗೆಡುವಿಕೆ ಇದೆ.

ಧಾರವಾಡ ಫೇಡಾ:
ಮಾಣಿಯವರೇ, ಇದನ್ನು ಬೇರೆ ಚರ್ಚೆಯಾಗಿ ಬರೆಯಿರಿ. ಆ ರಾತ್ರಿಶಾಲೆಗಳ ಬಗ್ಗೆ ಓದಬೇಕು.

ಖಾರಾಪುರಿ:
ಹೋಟೆಲ್ ಹುಡುಗ ಬ್ಯಾಂಕ್ ಸೇರಿದ ಚಿತ್ರ ಬಂದರೆ ನಾನಂತೂ ನೋಡುತ್ತೇನೆ. ಇಡ್ಲಿ ದೃಶ್ಯಗಳಿಗಾಗಿಯಾದರೂ.

ಕುಡ್ಲದವಳು:
ಎಲ್ಲರೂ ಜಮಾಲ್, ಜಮಾಲ್ ಎನ್ನುತ್ತಿದ್ದೀರಿ. ಲತಿಕಾಳ ಕಥೆ ಯಾರು ಕೇಳುತ್ತಾರೆ? ಮಳೆಯಲ್ಲಿ ನೆನೆಯುತ್ತಾ ನಿಂತ ಮೂರನೆಯ ಮಗು ಅವಳು. ಅವಳನ್ನು ಒಬ್ಬ ರೈಲಿನಲ್ಲಿ ಹತ್ತಿಸಿಕೊಳ್ಳದೆ ಕೈ ಬಿಡುತ್ತಾನೆ, ಒಬ್ಬ ಮಾರಲು ಬೆಳೆಸುತ್ತಾನೆ, ಒಬ್ಬ ಮನೆಯಲ್ಲಿ ಕೂಡಿಹಾಕುತ್ತಾನೆ, ಒಬ್ಬ ಪ್ರೀತಿಸುತ್ತಾನೆ. ಅವಳು ಏನು ಮಾಡುತ್ತಾಳೆ? ಕಾಯುತ್ತಾಳೆ. ಜಮಾಲ್‌ನ ಪ್ರತಿ ಗಾಯಕ್ಕೂ ಒಂದು ಉತ್ತರ, ಒಂದು ಮೊತ್ತ ಸಿಗುತ್ತದೆ. ಇವಳ ಕೆನ್ನೆಯ ಕತ್ತಿಗೀರಿಗೆ ಯಾವ ಪ್ರಶ್ನೆಯೂ ಇಲ್ಲ. ಒಂಟಿ ಟಿಕೆಟ್ ಅವರ ‘ಅನುಭವವೇ ಜ್ಞಾನ’ ಎಂಬ ಸಿದ್ಧಾಂತ ಹುಡುಗರಿಗೆ ಮಾತ್ರ ಅನ್ವಯವೇ?

ಲತಿಕಾ ಪಾತ್ರದ ಫ್ರೀಡಾ ಪಿಂಟೊ ನಮ್ಮ ಮಂಗಳೂರು ಮೂಲದ ಕುಟುಂಬದ ಹುಡುಗಿ ಎಂದು ಆ ವರ್ಷ ಊರೆಲ್ಲ ಹೆಮ್ಮೆಪಟ್ಟಿತ್ತು. ನಾನೂ ಪಟ್ಟೆ. ಆದರೂ ಪಾತ್ರ ನೋಡಿದರೆ ಸಂಕಟ.

ಒಂಟಿ ಟಿಕೆಟ್:
ಈ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ. ಬಾಗಿಲು ತೆಗೆದು ಕಾರಿನ ಕೀಲಿ ಹಿಡಿದು ಓಡುವ ಧೈರ್ಯ ಅವಳದು ಎನ್ನಬಹುದಿತ್ತು, ಆ ಕೀಲಿಯನ್ನೂ ಸಲೀಮನೇ ಕೊಡುತ್ತಾನೆ.

ಲೆಸ್ಟರ್ ಕನ್ನಡತಿ:
ನಾನು ಶಿವಮೊಗ್ಗದವಳು, ಈ ಚಿತ್ರ ನೋಡಿದ್ದು ಇಂಗ್ಲೆಂಡಿನಲ್ಲಿ. ಇಲ್ಲಿ 2009ರ ಜನವರಿಯಲ್ಲೇ ತೆರೆಕಂಡಿತ್ತು. ಚಿತ್ರಮಂದಿರದಲ್ಲಿ ನನಗೂ ಕುಣಿಯುವಷ್ಟು ಖುಷಿ. ಮಾರನೆಯ ದಿನ ಕಚೇರಿಯ ಊಟದ ಕೋಣೆಯಲ್ಲಿ ಸಹೋದ್ಯೋಗಿಯೊಬ್ಬಳು ಬಹಳ ಮೃದುವಾಗಿ ಕೇಳಿದಳು: ‘ನಿಮ್ಮಲ್ಲಿ ಮಕ್ಕಳ ಕಣ್ಣು ಸುಡುತ್ತಾರಂತೆ, ನೀನು ಕಂಡಿದ್ದೀಯಾ?’ ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಏನು ಹೇಳಬೇಕು? ನಡೆಯುವುದೇ ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಅವಳ ತಲೆಯಲ್ಲಿ ಶಿವಮೊಗ್ಗವೂ ಅದೇ ಆಗುತ್ತದೆ. ನಿಮ್ಮ ಡಿಕನ್ಸ್ ಕಾದಂಬರಿಗಳಲ್ಲಿ ಮಕ್ಕಳಿಗೆ ಜೇಬು ಕತ್ತರಿಸಲು ಕಲಿಸುತ್ತಿದ್ದರಲ್ಲ, ನಿಮ್ಮ ತಾತ ಕಂಡಿದ್ದರೇ ಎಂದು ಕೇಳಿದೆ. ನಕ್ಕಳು, ಮಾತು ಅಲ್ಲಿಗೆ ನಿಂತಿತು.

ಆದ್ದರಿಂದ ‘ಚಿತ್ರವನ್ನು ಚಿತ್ರವಾಗಿ ನೋಡಿ’ ಎನ್ನುವುದು ಊರಿನಲ್ಲಿದ್ದವರಿಗೆ ಸುಲಭ. ಹೊರಗಿರುವವರ ಊಟದ ಡಬ್ಬಿಯವರೆಗೂ ಅದು ಬರುತ್ತದೆ.

ಖಾರಾಪುರಿ:
ಕನ್ನಡತಿ ಅಕ್ಕ, ಡಿಕನ್ಸ್ ಏಟು ಭರ್ಜರಿ.

ಅರ್ಧವಿರಾಮ:
ಆ ಜನವರಿಯಲ್ಲಿ ಅಮಿತಾಭ್ ಬಚ್ಚನ್ ಬ್ಲಾಗಿನಲ್ಲಿ ಇದೇ ವಿಷಯ ಬಂದು ದೊಡ್ಡ ರಾದ್ಧಾಂತವಾಗಿತ್ತು. ಅದು ಓದುಗರ ಅಭಿಪ್ರಾಯ, ತನ್ನದಲ್ಲ ಎಂದು ಆಮೇಲೆ ಅವರು ಸ್ಪಷ್ಟನೆ ಕೊಟ್ಟರು. ತಮಾಷೆಯೆಂದರೆ ಚಿತ್ರದಲ್ಲಿ ಪುಟ್ಟ ಜಮಾಲ್ ಮಲದ ಗುಂಡಿಗೆ ಹಾರಿ ಓಡುವುದು ಅವರದೇ ಹಸ್ತಾಕ್ಷರಕ್ಕಾಗಿ.

ಧಾರವಾಡ ಫೇಡಾ:
ಆ ಗುಂಡಿಯಲ್ಲಿ ಇದ್ದದ್ದು ಚಾಕೊಲೇಟ್ ಮತ್ತು ಕಡಲೆಕಾಯಿ ಬೆಣ್ಣೆ. ಮಗು ಖುಷಿಯಾಗಿ ನೆಕ್ಕಿರಬೇಕು.

ಗಣಿತ ಮೇಷ್ಟ್ರು:
ತಪ್ಪುಗಳ ಪಟ್ಟಿಗೆ ಇನ್ನೊಂದು. ‘ದರ್ಶನ್ ದೋ ಘನಶ್ಯಾಮ್’ ಬರೆದವರು ಯಾರು ಎಂಬ ಪ್ರಶ್ನೆಗೆ ಚಿತ್ರದಲ್ಲಿ ಸೂರದಾಸ್ ಸರಿ ಉತ್ತರ. ವಾಸ್ತವದಲ್ಲಿ ಅದು 1957ರ ಹಿಂದಿ ಚಿತ್ರವೊಂದಕ್ಕೆ ಗೋಪಾಲ್ ಸಿಂಗ್ ನೇಪಾಲಿ ಬರೆದ ಹಾಡು. ಅವರ ಮನೆಯವರು ನ್ಯಾಯಾಲಯಕ್ಕೂ ಹೋಗಿದ್ದರು. ಕುರುಡು ಮಾಡಿದ ಹುಡುಗನ ಬಾಯಲ್ಲಿ ಕುರುಡು ಕವಿಯ ಹಾಡು ಬೇಕಿತ್ತು, ಬರೆದುಬಿಟ್ಟರು. ಕ್ವಿಜ್ ಬಗ್ಗೆ ಚಿತ್ರ ತೆಗೆಯುವವರು ಉತ್ತರಪತ್ರಿಕೆಯನ್ನಾದರೂ ಒಮ್ಮೆ ನೋಡಬೇಡವೇ? ಅಂದರೆ ನಮ್ಮ ಜಮಾಲ್ ನ್ಯಾಯವಾಗಿ ಅಲ್ಲಿಯೇ ಸೋತು ಮನೆಗೆ ಹೋಗಬೇಕಿತ್ತು.

ಇನ್ನೂ ಒಂದು: ಕಾರ್ಯಕ್ರಮ ನೇರ ಪ್ರಸಾರವೆಂದು ತೋರಿಸಿದ್ದಾರೆ. ಇಂಥ ಕ್ವಿಜ್‌ಗಳನ್ನು ಮೊದಲೇ ಚಿತ್ರೀಕರಿಸಿಟ್ಟು ಆಮೇಲೆ ಪ್ರಸಾರ ಮಾಡುತ್ತಾರೆ. ಇಡೀ ಮುಂಬೈ ಅಂಗಡಿಯ ಟಿವಿಗಳ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ಕೊನೆಯ ಭಾಗ ಬರೀ ಕಲ್ಪನೆ.

ಒಂಟಿ ಟಿಕೆಟ್:
ಮೇಷ್ಟ್ರೇ, ರಾಜಕುಮಾರಿಯ ಕಥೆಗೆ ಜನನ ಪ್ರಮಾಣಪತ್ರ ಕೇಳಬೇಡಿ.

ಗಣಿತ ಮೇಷ್ಟ್ರು:
ಪೊಲೀಸರು ಹೊಡೆದದ್ದನ್ನು ನಂಬಬೇಕು, ಮೂವತ್ತು ಸೆಕೆಂಡಿನ ಫೋನ್ ಕರೆಯನ್ನು ಕಥೆ ಎಂದು ಬಿಡಬೇಕು. ನಿಮಗೆ ಬೇಕಾದ ಕಡೆ ವಾಸ್ತವ, ಬೇಡವಾದ ಕಡೆ ಕಟ್ಟುಕಥೆ!

ಸಾಗರದವ:
ನಾನು ಕಾದಂಬರಿ ಓದಿದ್ದೇನೆ: ವಿಕಾಸ್ ಸ್ವರೂಪ್ ಅವರ ‘ಕ್ಯೂ ಆ್ಯಂಡ್ ಎ’, 2005. ಬರೆದವರು ಆಗ ನಮ್ಮ ವಿದೇಶಾಂಗ ಸೇವೆಯಲ್ಲಿದ್ದ ಅಧಿಕಾರಿ. ಚಿತ್ರ ನೋಡಿ ಆಮೇಲೆ ಅದನ್ನು ಓದಿದವರಿಗೆ ಆಶ್ಚರ್ಯ ಕಾದಿದೆ. ನಾಯಕನ ಹೆಸರು ರಾಮ್ ಮೊಹಮ್ಮದ್ ಥಾಮಸ್, ಬಹುಮಾನ 100 ಕೋಟಿ, ಸಲೀಮ್ ಅಣ್ಣನಲ್ಲ, ಗೆಳೆಯ. ಅಲ್ಲಿ ಕ್ವಿಜ್ ನಡೆಸುವವರ ಬಳಿ ಕೊಡಲು ದುಡ್ಡೇ ಇರುವುದಿಲ್ಲ, ಅದಕ್ಕೇ ಹುಡುಗನನ್ನು ಸಿಕ್ಕಿಹಾಕಿಸುತ್ತಾರೆ. ಚಿತ್ರದಲ್ಲಿ ಅದು ನಿರೂಪಕನ ಹೊಟ್ಟೆಯುರಿ ಆಯಿತು. ನನಗೆ ಕಾದಂಬರಿಯ ಕಾರಣವೇ ಹೆಚ್ಚು ನಂಬಿಕೆ ಹುಟ್ಟಿಸಿತು. ದುಡ್ಡಿನ ಮುಂದೆ ಹೊಟ್ಟೆಯುರಿ ಯಾವ ಲೆಕ್ಕ.

ಕಾರಣ ಊಹಿಸಬಹುದು. ಚಿತ್ರ ನಿರ್ಮಿಸಿದ ಸೆಲಡಾರ್ ಬಳಗವೇ 1998ರಲ್ಲಿ ಬ್ರಿಟನ್ನಿನಲ್ಲಿ ಆ ಮೂಲ ಕ್ವಿಜ್ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಶುರು ಮಾಡಿದ್ದು. ತಮ್ಮ ಅಂಗಡಿಯ ತಕ್ಕಡಿ ಸರಿಯಿಲ್ಲ ಎಂದು ತಾವೇ ತೋರಿಸಿಕೊಳ್ಳುತ್ತಾರೆಯೇ?

ಅರ್ಧವಿರಾಮ:
ಸಾಗರದವರೇ, ಈ ಸಂಗತಿ ಗೊತ್ತಿರಲಿಲ್ಲ. ಚಿತ್ರದಲ್ಲಿ ಎಲ್ಲರೂ ಕೆಟ್ಟವರು, ಕಾರ್ಯಕ್ರಮ ಮಾತ್ರ ಪರಿಶುದ್ಧ. ಈಗ ಅರ್ಥವಾಯಿತು.

ಹಾಡುಹಕ್ಕಿ ಮೈಸೂರು:
ಯಾರೂ ಹೇಳಲಿಲ್ಲವಲ್ಲ! ಜೈ ಹೋ ಹಾಡಿನ ಗಾಯಕರಲ್ಲಿ ನಮ್ಮ ಮೈಸೂರಿನ ವಿಜಯ್ ಪ್ರಕಾಶ್ ಇದ್ದಾರೆ. ಸುಖ್ವಿಂದರ್ ಸಿಂಗ್, ತನ್ವಿ ಶಾ, ಮಹಾಲಕ್ಷ್ಮಿ ಅಯ್ಯರ್ ಜತೆಗೆ ಅವರದೂ ದನಿ. ಆಸ್ಕರ್ ಬಂದದ್ದು ಸಂಗೀತಕ್ಕೆ ರೆಹಮಾನ್‌ಗೆ, ಸಾಹಿತ್ಯಕ್ಕೆ ಗುಲ್ಜಾರ್‌ಗೆ. ಜತೆಗೆ ಶಬ್ದಗ್ರಹಣಕ್ಕೆ ಕೇರಳದ ರಸೂಲ್ ಪೂಕುಟ್ಟಿ. ಖಾರಾಪುರಿಯವರು ಹೆಡ್‌ಫೋನ್ ಹಾಕಿಕೊಂಡು ಆ ರೈಲಿನ ದೃಶ್ಯ ಮತ್ತೊಮ್ಮೆ ಕೇಳಲಿ. ಬೋಗಿಯ ಮೇಲೆ ಕುಳಿತ ಹುಡುಗರು, ಗಾಳಿ, ಹಳಿಯ ಸದ್ದು, ಅದರೊಳಗಿಂದಲೇ ತಾಳ ಎದ್ದು ಬರುತ್ತದೆ.

ಖಾರಾಪುರಿ:
ಕೇಳಿದೆ. ಸರಿ, ಆ ಭಾಗ ಚೆನ್ನಾಗಿದೆ. ಅವರ ಅತ್ಯುತ್ತಮದ್ದಲ್ಲ ಎಂಬ ಮಾತು ವಾಪಸಿಲ್ಲ.

ಮಾಟುಂಗಾ ಮಾಣಿ:
ಚಿತ್ರಕ್ಕೆ ಖರ್ಚಾದದ್ದು ಒಂದೂವರೆ ಕೋಟಿ ಡಾಲರ್, ಗಳಿಸಿದ್ದು 37 ಕೋಟಿ ಡಾಲರಿಗೂ ಹೆಚ್ಚು. ಚಿತ್ರದಲ್ಲಿ ನಟಿಸಿ ಆಸ್ಕರ್ ವೇದಿಕೆಯ ಮೇಲೆ ನಿಂತಿದ್ದ ಬಾಂದ್ರಾದ ಆ ಇಬ್ಬರು ಪುಟ್ಟ ಮಕ್ಕಳು ನೆನಪಿದ್ದಾರೆಯೇ? ಮೂರು ತಿಂಗಳು ತುಂಬುವ ಮೊದಲೇ, ಮೇ ತಿಂಗಳಲ್ಲಿ, ಅತಿಕ್ರಮಣ ತೆರವಿನಲ್ಲಿ ಅವರ ಗುಡಿಸಲುಗಳು ನೆಲಸಮವಾದವು. ಫೋಟೋಗಳು ಪತ್ರಿಕೆಗಳಲ್ಲಿ ಬಂದಿದ್ದವು. ಮಕ್ಕಳ ಓದು ಮತ್ತು ಮನೆಗಾಗಿ ಚಿತ್ರತಂಡ ‘ಜೈ ಹೋ’ ಹೆಸರಿನಲ್ಲಿ ಟ್ರಸ್ಟ್ ಮಾಡಿತ್ತು, ಅದನ್ನೂ ಹೇಳಬೇಕು. ಆದರೆ ಕಾನೂನಿಗೆ ಅವರು ಗುಡಿಸಲಿನವರು, ಅಷ್ಟೇ.

ಒಂಟಿ ಟಿಕೆಟ್:
ಇದು ಚಿತ್ರದ ಮೇಲಿನ ಟೀಕೆಯೋ ಊರಿನ ಮೇಲಿನ ಟೀಕೆಯೋ? ಬುಲ್ಡೋಜರ್ ಕಳುಹಿಸಿದವರು ನಿರ್ದೇಶಕ ಡ್ಯಾನಿ ಬಾಯ್ಲ್ ಅಲ್ಲವಲ್ಲ. ಟ್ರಸ್ಟ್ ಮಾಡದೆ ಹೋಗಿದ್ದರೆ ‘ಬಳಸಿ ಬಿಸಾಡಿದರು’ ಎನ್ನುತ್ತಿದ್ದೆವು, ಮಾಡಿದರೆ ‘ಸಾಲದು’ ಎನ್ನುತ್ತೇವೆ. ನಮ್ಮ ಎಷ್ಟು ಚಿತ್ರಗಳಲ್ಲಿ ಕೊಳೆಗೇರಿಯ ಮಕ್ಕಳು ಹಾಡಿನಲ್ಲಿ ಬಂದು ಹೋಗಿದ್ದಾರೆ, ಯಾರಾದರೂ ಒಂದು ಫೀಸು ಕಟ್ಟಿದ್ದಾರೆಯೇ?

ಮಾಟುಂಗಾ ಮಾಣಿ:
ಎರಡರ ಮೇಲೂ. ಅಪೂರ್ಣ ಕಟ್ಟಡದ ತುದಿಯಲ್ಲಿ ಕುಳಿತು ಸಲೀಮ್ ಕೆಳಗೆ ತೋರಿಸಿ ಹೇಳುತ್ತಾನಲ್ಲ, ಅಲ್ಲಿಯೇ ನಮ್ಮ ಬಸ್ತಿ ಇದ್ದದ್ದು, ಈಗ ಇದೆಲ್ಲ ವ್ಯಾಪಾರ ಎಂದು. ನನಗೆ ಚಿತ್ರದಲ್ಲಿ ಅತ್ಯಂತ ನಿಜ ಅನಿಸಿದ ಮಾತು ಅದು. ಈ ವಿಷಯದಲ್ಲಿ ನಿಮ್ಮ ಚಿತ್ರದ ಪರವಾಗಿಯೇ ಇದ್ದೇನೆ.

ಸಾಗರದವ:
ಇನ್ನು ನಿಜದಲ್ಲಿ ಗೆದ್ದವರು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಈ ಕ್ವಿಜ್‌ನ ಹಿಂದಿ ಕಾರ್ಯಕ್ರಮ ‘ಕೌನ್ ಬನೇಗಾ ಕರೋಡ್‌ಪತಿ’ಯಲ್ಲಿ 5 ಕೋಟಿ ಗೆದ್ದರು. ನರೇಗಾ ಕಚೇರಿಯ ಕಂಪ್ಯೂಟರ್ ಆಪರೇಟರ್. ಆಗ ಪತ್ರಿಕೆಗಳೆಲ್ಲ ಈ ಚಿತ್ರದ ಹೆಸರನ್ನೇ ಅವರ ತಲೆಗೆ ಕಟ್ಟಿದವು. ಗೆದ್ದ ಮೇಲಿನ ವರ್ಷಗಳು ತಮ್ಮ ಬದುಕಿನ ಕೆಟ್ಟ ಕಾಲ ಎಂದು ಅವರೇ ಆಮೇಲೆ ಬರೆದುಕೊಂಡರು. ಚಿತ್ರಗಳು ಚೆಕ್ ಕೊಟ್ಟ ಕ್ಷಣದಲ್ಲಿ ಮುಗಿಯುತ್ತವೆ, ಜಾಣರು.

ಲೆಸ್ಟರ್ ಕನ್ನಡತಿ:
ನಮ್ಮಲ್ಲಿ ಪುನೀತ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ 2012ರಲ್ಲಿ ಬಂದಾಗ ಅಮ್ಮ ಫೋನಿನಲ್ಲಿ ನನಗೆ ಪ್ರಶ್ನೆಗಳನ್ನೆಲ್ಲ ಹೇಳುತ್ತಿದ್ದರು. ಅಲ್ಲಿ ನಿರೂಪಕರೇ ಸ್ಪರ್ಧಿಗಿಂತ ಹೆಚ್ಚು ಆತಂಕಪಡುತ್ತಿದ್ದರಂತೆ. ಅನಿಲ್ ಕಪೂರ್ ಪಾತ್ರ ‘ಚಾಯ್‌ವಾಲಾ’ ಎಂದು ಹೀಯಾಳಿಸಿದಾಗಲೆಲ್ಲ ಅಮ್ಮನ ಮಾತು ನೆನಪಾಗುತ್ತದೆ.

ಧಾರವಾಡ ಫೇಡಾ:
ಮಾಣಿಯವರೇ, ನಿಮ್ಮ ಅಪ್ಪ ಈ ಚಿತ್ರ ನೋಡಿದ್ದಾರೆಯೇ?

ಮಾಟುಂಗಾ ಮಾಣಿ:
ಟಿವಿಯಲ್ಲಿ ಬಂದಾಗ ಅರ್ಧ ನೋಡಿದರು. ಚಹಾ ಹುಡುಗ ಎಂದು ನಿರೂಪಕ ತಮಾಷೆ ಮಾಡಿ, ಸಭೆಯೆಲ್ಲ ನಕ್ಕಿತಲ್ಲ, ಅಲ್ಲಿಗೆ ವಾರ್ತೆ ಹಾಕು ಎಂದರು.

ಕುಡ್ಲದವಳು:
ಅವರ ವಿಮರ್ಶೆಯೇ ಸರಿಯಾದದ್ದು.

ಹಾಡುಹಕ್ಕಿ ಮೈಸೂರು:
ಹಾಗಾದರೆ ಕೊನೆಯಲ್ಲಿ ಮುಂಬೈಯ ವಿ.ಟಿ. ರೈಲು ನಿಲ್ದಾಣದ ಪ್ಲಾಟ್‌ಫಾರಂ ಮೇಲಿನ ಕುಣಿತ ನೋಡಲೇ ಇಲ್ಲ! ಅದೊಂದನ್ನಾದರೂ ತೋರಿಸಿ.

ಗಣಿತ ಮೇಷ್ಟ್ರು:
ಅಷ್ಟು ಜನ ಕುಣಿಯುವಷ್ಟು ಖಾಲಿ ಪ್ಲಾಟ್‌ಫಾರಂ ವಿ.ಟಿ.ಯಲ್ಲಿ ಯಾವ ಹೊತ್ತಿನಲ್ಲಿ ಸಿಗುತ್ತದೆ? ಇದೂ ಪಟ್ಟಿಗೆ ಸೇರಲಿ.

ಸಾಗರದವ:
ಕಾದಂಬರಿ ಬೇಕಾದವರು ಖಾಸಗಿ ಸಂದೇಶ ಕಳುಹಿಸಿ, ನನ್ನ ಬಳಿ ಒಂದು ಪ್ರತಿ ಇದೆ. ಹಿಂದಿರುಗಿಸುವವರಿಗೆ ಮಾತ್ರ.

ಅರ್ಧವಿರಾಮ:
ನನಗೆ ಬೇಕು. ಅಂಚೆ ಖರ್ಚು ನನ್ನದೇ.